ಮಸೀದಿಯ ಗಾಜಿನ ದೀಪ ಲಂಡನ್ನಿನಲ್ಲಿ ಮಾರಾಟವಾಯಿತು: ಅದು ಯಾರ ಆಸ್ತಿ?

2024ರ ನವೆಂಬರಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಒಂದು ಗಾಜಿನ ದೀಪ 50 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಹೋಯಿತು. ರೂಪಾಯಿ ಲೆಕ್ಕದಲ್ಲಿ 50 ಕೋಟಿ ದಾಟುತ್ತದೆ. ಹರಾಜಿಗೆ ಮೊದಲು ಹಾಕಿದ್ದ ಅಂದಾಜು ಹೆಚ್ಚೆಂದರೆ 10 ಲಕ್ಷ ಪೌಂಡ್. ದೀಪಕ್ಕೆ ಸುಮಾರು 670 ವರ್ಷ ವಯಸ್ಸು. ಅದರ ಜೊತೆ ಇರುವ ಹೆಸರು ಸರ್ಗಿತ್ಮಿಶ್. ಇವನು ಕೈರೋ ನಗರದಲ್ಲಿ ಮದ್ರಸಾ ಕಟ್ಟಿಸಿದ ಒಬ್ಬ ಅಮೀರ, ಅಂದರೆ ಸೈನ್ಯದ ದೊಡ್ಡ ಅಧಿಕಾರಿ. ಮಾರಾಟಕ್ಕೆ ಬರುವವರೆಗೆ ದೀಪ ಇದ್ದದ್ದು ಈಜಿಪ್ಟಿನ ಮೊದಲ ಪ್ರಧಾನಿ ನೂಬಾರ್ ಪಾಷಾ ಅವರ ಮನೆತನದಲ್ಲಿ. ಒಂದಷ್ಟು ಕಾಲ ಅದನ್ನು ಒಣ ಹೂವು ಇಡುವ ಹೂದಾನಿಯಾಗಿ ಬಳಸಿದ್ದರು ಎಂದೂ ಸುದ್ದಿಯಾಯಿತು.

ಈ ಸುದ್ದಿ ಓದಿದವರಿಗೆ ಎರಡು ಗೊಂದಲ ಆಗುವುದು ಸಹಜ. ಒಂದು ಗಾಜಿನ ಪಾತ್ರೆಗೆ ಇಷ್ಟು ಬೆಲೆ ಯಾಕೆ? ಇದಕ್ಕೆ ಉತ್ತರ ಸುಲಭ. ಎರಡನೆಯದು ಕಷ್ಟದ್ದು. ಪ್ರಾರ್ಥನೆಯ ಜಾಗಕ್ಕೆಂದು ಮಾಡಿಸಿದ ದೀಪ ಒಂದು ಮನೆತನದ ಸ್ವತ್ತು ಆಗಿದ್ದು ಹೇಗೆ? ಅದನ್ನು ಮಾರಿದ್ದು ಕಾನೂನಿಗೆ ಸರಿ ಎನ್ನುವುದಾದರೆ, ಈಜಿಪ್ಟಿನ ಜನ ಇಂಥ ಪ್ರತಿ ಹರಾಜಿನ ಹೊತ್ತಿಗೂ ಯಾಕೆ ಬೇಸರಪಡುತ್ತಾರೆ?

ಕರ್ನಾಟಕದವರಿಗೆ ಈ ಬೇಸರ ಹೊಸದಲ್ಲ. 2023ರ ಮೇ ತಿಂಗಳಲ್ಲಿ ಇದೇ ಸಂಸ್ಥೆಯ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಆಗಲೂ ಇದೇ ಪ್ರಶ್ನೆ ಎದ್ದಿತ್ತು. ಆದರೆ ಎರಡೂ ಒಂದೇ ಬಗೆಯವಲ್ಲ. ಖಡ್ಗ ಹೋದದ್ದು 1799ರ ಯುದ್ಧದಲ್ಲಿ. ಯಾರು ತೆಗೆದುಕೊಂಡರು, ಯಾವಾಗ ಎನ್ನುವುದು ಇತಿಹಾಸದಲ್ಲಿ ದಾಖಲಾಗಿದೆ. ಅದು ಒಬ್ಬ ಅರಸನ ಸ್ವಂತ ವಸ್ತುವೂ ಆಗಿತ್ತು. ದೀಪದ ಕಥೆಯಲ್ಲಿ ಯುದ್ಧ ಇಲ್ಲ, ಲೂಟಿ ಇಲ್ಲ, ಗದ್ದಲವೇ ಇಲ್ಲ. ಮತ್ತು ಅದು ಯಾವ ಒಬ್ಬ ಮನುಷ್ಯನ ಸ್ವಂತ ವಸ್ತುವೂ ಆಗಿರಲಿಲ್ಲ. ಇಡೀ ಚರ್ಚೆಯ ಮೂಲ ಇರುವುದು ಈ ಕೊನೆಯ ಮಾತಿನಲ್ಲಿ.

ಅಮೀರರು ದೀಪ ಮಾಡಿಸಿದ್ದು ಯಾಕೆ

ಸರ್ಗಿತ್ಮಿಶ್ ಗುಲಾಮನಾಗಿ ಈಜಿಪ್ಟಿಗೆ ಬಂದವನು. 1250ರಿಂದ 1517ರವರೆಗೆ ಈಜಿಪ್ಟ್ ಮತ್ತು ಸಿರಿಯಾವನ್ನು ಆಳಿದ ಮಮ್ಲೂಕರ ಪದ್ಧತಿಯೇ ಹಾಗಿತ್ತು. ಕಪ್ಪು ಸಮುದ್ರದ ಆಚೆಯ ಹುಲ್ಲುಗಾವಲುಗಳ ಹುಡುಗರನ್ನು ಕೊಂಡು ತರುತ್ತಿದ್ದರು. ಕುದುರೆ ಸವಾರಿ, ಬಿಲ್ಲುವಿದ್ಯೆ, ಧರ್ಮದ ಪಾಠ ಕಲಿಸುತ್ತಿದ್ದರು. ಆಮೇಲೆ ಬಿಡುಗಡೆ ಕೊಟ್ಟು ಸೈನ್ಯಕ್ಕೆ ಸೇರಿಸುತ್ತಿದ್ದರು. ಚುರುಕಾದವರು ಅಮೀರರಾದರು. ಕೆಲವರು ಸುಲ್ತಾನರೇ ಆದರು.

ಈ ಪದ್ಧತಿಯಲ್ಲಿ ಒಂದು ದೊಡ್ಡ ತೊಡಕಿತ್ತು. ಅಮೀರನ ಪದವಿ ಮಗನಿಗೆ ಬರುತ್ತಿರಲಿಲ್ಲ. ಸುಲ್ತಾನ ಮುನಿದರೆ ಆಸ್ತಿಯೆಲ್ಲ ಮುಟ್ಟುಗೋಲು ಆಗುತ್ತಿತ್ತು. ಹಾಗಾಗಿ ಅಮೀರರು ಒಂದು ದಾರಿ ಹಿಡಿದರು. ಮಸೀದಿ, ಮದ್ರಸಾ, ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹೊಲ, ಅಂಗಡಿ, ಸ್ನಾನಗೃಹಗಳನ್ನು ವಕ್ಫ್ ಮಾಡಿಬಿಡುತ್ತಿದ್ದರು, ಅಂದರೆ ಧರ್ಮಕ್ಕೆ ಶಾಶ್ವತವಾಗಿ ಬಿಟ್ಟುಬಿಡುತ್ತಿದ್ದರು. ಒಮ್ಮೆ ವಕ್ಫ್ ಆದ ಆಸ್ತಿಯನ್ನು ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ, ವಾರಸಿಗೆ ಹಂಚುವ ಹಾಗಿಲ್ಲ. ಮನೆತನದವರನ್ನೇ ಅದರ ಉಸ್ತುವಾರಿಗೆ ನೇಮಿಸಿದರೆ ಅವರ ಹೊಟ್ಟೆಪಾಡೂ ನಡೆಯುತ್ತಿತ್ತು. ಭಕ್ತಿ ಇರಲಿಲ್ಲ ಎಂದಲ್ಲ. ಭಕ್ತಿಯ ಜೊತೆಗೆ ಲೆಕ್ಕಾಚಾರವೂ ಇತ್ತು. ಮಧ್ಯಯುಗದ ಕೈರೋದಲ್ಲಿ ಅಷ್ಟೊಂದು ಸುಂದರ ಕಟ್ಟಡಗಳು ಎದ್ದದ್ದಕ್ಕೆ ಇದು ದೊಡ್ಡ ಕಾರಣ.

ಸರ್ಗಿತ್ಮಿಶ್ ತನ್ನ ಮದ್ರಸಾವನ್ನು 1356ರಲ್ಲಿ ಇಬ್ನ್ ತುಲೂನ್ ಮಸೀದಿಯ ಪಕ್ಕದಲ್ಲೇ ಕಟ್ಟಿಸಿದ. ಎರಡು ವರ್ಷಕ್ಕೆ, 1358ರಲ್ಲಿ, ಸುಲ್ತಾನ್ ಹಸನ್ ಅವನನ್ನು ಬಂಧಿಸಿದ. ಅಲೆಕ್ಸಾಂಡ್ರಿಯಾದ ಸೆರೆಮನೆಯಲ್ಲೇ ಅವನ ಪ್ರಾಣ ಹೋಯಿತು. ಅವನು ಹೆದರಿದ್ದು ನಿಜವೇ ಆಗಿತ್ತು, ಅಲ್ವಾ? ಮದ್ರಸಾ ಮಾತ್ರ ಇಂದಿಗೂ ನಿಂತಿದೆ. ಅವನನ್ನು ಕೆಡವಿದ ಸುಲ್ತಾನ್ ಹಸನ್ ಅದೇ ವರ್ಷಗಳಲ್ಲಿ ಕೋಟೆಯ ಕೆಳಗೆ ಇನ್ನೂ ದೊಡ್ಡ ಮದ್ರಸಾ ಮಸೀದಿಯನ್ನು ಕಟ್ಟಿಸುತ್ತಿದ್ದ. ಅದಕ್ಕೆ ಹಣ ಬಂದ ಬಗೆ ಮನಸ್ಸು ಕಲಕುವಂಥದ್ದು. 1348ರ ಸುಮಾರಿಗೆ ಬಂದ ಮಹಾಮಾರಿ ಪ್ಲೇಗಿನಲ್ಲಿ ಮನೆಮನೆಗಳೇ ಅಳಿದುಹೋದವು. ವಾರಸುದಾರರು ಉಳಿಯದ ಆಸ್ತಿ ಸುಲ್ತಾನನ ಬೊಕ್ಕಸ ಸೇರಿತು.

ಇಂಥ ಕಟ್ಟಡಗಳ ಒಳಗೆ ಚಾವಣಿಯಿಂದ ಸರಪಳಿಗಳಲ್ಲಿ ಸಾಲುಸಾಲಾಗಿ ಗಾಜಿನ ದೀಪಗಳನ್ನು ತೂಗುಹಾಕುತ್ತಿದ್ದರು. ಅಗಲವಾಗಿ ಬಿರಿದ ಕತ್ತು, ಉಬ್ಬಿದ ಹೊಟ್ಟೆ, ಸುತ್ತ ಸರಪಳಿ ಸಿಕ್ಕಿಸಲು ಕಿವಿಗಳು. ಸಾಮಾನ್ಯವಾಗಿ ಒಂದು ಅಡಿಗಿಂತ ಸ್ವಲ್ಪ ಎತ್ತರ. ಒಳಗೆ ನೀರು ಮತ್ತು ಎಣ್ಣೆ ಹಾಕಿದ ಚಿಕ್ಕ ಬಟ್ಟಲು, ಅದರಲ್ಲಿ ಬತ್ತಿ. ಕತ್ತಿನ ಮೇಲೆ ಹೆಚ್ಚಾಗಿ ಕುರಾನಿನ 24ನೇ ಅಧ್ಯಾಯದ 35ನೇ ವಚನ ಇರುತ್ತದೆ. ದೇವರು ಭೂಮಿ ಆಕಾಶಗಳ ಬೆಳಕು, ಆ ಬೆಳಕು ಗೂಡಿನಲ್ಲಿಟ್ಟ ದೀಪದ ಹಾಗೆ, ದೀಪ ಗಾಜಿನೊಳಗಿದೆ, ಗಾಜು ಹೊಳೆಯುವ ನಕ್ಷತ್ರದ ಹಾಗಿದೆ ಎನ್ನುವುದು ಅದರ ಸಾರ. ಬತ್ತಿ ಹೊತ್ತಿಸಿದಾಗ ಆ ಅಕ್ಷರಗಳೇ ಬೆಳಗುತ್ತವೆ. ಹೊಟ್ಟೆಯ ಭಾಗದಲ್ಲಿ ಮಾಡಿಸಿದ ಸುಲ್ತಾನನ ಅಥವಾ ಅಮೀರನ ಹೆಸರು, ಬಿರುದು. ಎಷ್ಟೋ ದೀಪಗಳಲ್ಲಿ ಅವನ ಲಾಂಛನವೂ ಇರುತ್ತದೆ. ಸುಲ್ತಾನನಿಗೆ ಪಾನೀಯ ಕೊಡುವ ಹುದ್ದೆಯಲ್ಲಿದ್ದವನಿಗೆ ಬಟ್ಟಲು, ಆಯುಧ ಹಿಡಿಯುವವನಿಗೆ ಕತ್ತಿ, ಹೀಗೆ.

ಅಂದರೆ ಈ ದೀಪಗಳಲ್ಲಿ ಹೆಚ್ಚಿನವು ತಮ್ಮ ವಿಳಾಸವನ್ನು ಮೈಮೇಲೇ ಬರೆದುಕೊಂಡಿವೆ. ಇದನ್ನು ನೆನಪಿಟ್ಟುಕೊಳ್ಳಿ.

ಗಾಜಿನ ಮೇಲೆ ಗಾಜಿನ ಬಣ್ಣ

ಈಗ ಬೆಲೆಯ ವಿಷಯ. ಗಾಜಿನ ಮೇಲೆ ಎನಾಮೆಲ್ ಮತ್ತು ಚಿನ್ನದ ಚಿತ್ತಾರ ಬಿಡಿಸುವ ಈ ಕಲೆ 12ನೇ ಶತಮಾನದ ಕೊನೆಯಿಂದ ಸಿರಿಯಾ ಮತ್ತು ಈಜಿಪ್ಟಿನಲ್ಲಿ ಬೆಳೆಯಿತು. 13 ಮತ್ತು 14ನೇ ಶತಮಾನದಲ್ಲಿ ತುದಿ ಮುಟ್ಟಿತು. ಅದಕ್ಕೆ ಮೊದಲು ಇದೇ ನಾಡಿನ ಕುಶಲಿಗರು ಗಾಜನ್ನು ಕೊರೆದು, ಅಚ್ಚಿನಲ್ಲಿ ಊದಿ, ಲೋಹದ ಮಿಂಚಿನ ಬಣ್ಣ ಬಳಿದು ಪಳಗಿದ್ದರು. ಎನಾಮೆಲ್ ಇದೆಲ್ಲಕ್ಕಿಂತ ಕಷ್ಟದ ಕೆಲಸ.

ಎನಾಮೆಲ್ ಎಂದರೆ ಬಣ್ಣದ ಗಾಜಿನ ಪುಡಿಯೇ. ಅದನ್ನು ಅಂಟಿನಂಥ ದ್ರವದಲ್ಲಿ ಕಲಸಿ, ಊದಿ ತಣಿಸಿದ ಪಾತ್ರೆಯ ಮೇಲೆ ಕುಂಚದಿಂದ ಬಿಡಿಸುತ್ತಾರೆ. ಚಿನ್ನವನ್ನೂ ಹಾಗೆಯೇ ಹಚ್ಚುತ್ತಾರೆ. ಆಮೇಲೆ ಪಾತ್ರೆ ಮತ್ತೆ ಕುಲುಮೆಯ ಬೆಂಕಿಗೆ ಹೋಗಬೇಕು. ಅಪಾಯ ಇರುವುದು ಇಲ್ಲಿ. ಬಣ್ಣದ ಪುಡಿ ಕರಗಿ ಅಂಟಿಕೊಳ್ಳುವಷ್ಟು ಶಾಖ ಬೇಕು. ಆದರೆ ಪಾತ್ರೆಯೂ ಗಾಜೇ. ಶಾಖ ಸ್ವಲ್ಪ ಜಾಸ್ತಿಯಾದರೆ ಪಾತ್ರೆ ಸೊಟ್ಟಗಾಗಿ ಕುಸಿಯುತ್ತದೆ. ಕಮ್ಮಿಯಾದರೆ ಬಣ್ಣ ನಿಲ್ಲುವುದಿಲ್ಲ. ಈ ಎರಡರ ನಡುವಿನ ಅಂತರ ತುಂಬಾ ಕಿರಿದು. ಹಾಗಾಗಿ ಕುಶಲಿಗರು ಪಾತ್ರೆಯ ತಳಕ್ಕೆ ಮತ್ತೊಮ್ಮೆ ಕಬ್ಬಿಣದ ಸರಳು ಅಂಟಿಸಿ, ಬೆಂಕಿಯ ಬಾಯಲ್ಲಿ ತಿರುಗಿಸುತ್ತಾ, ಕಣ್ಣಳತೆಯಲ್ಲೇ ಶಾಖ ನೋಡಿಕೊಳ್ಳುತ್ತಿದ್ದರು. ಕೆಲವು ಪಾತ್ರೆಗಳ ತಳದಲ್ಲಿ ಸರಳಿನ ಗುರುತು ಎರಡು ಸಲ ಮೂಡಿದೆ. ಎರಡನೇ ಬೆಂಕಿಗೆ ಅದೇ ಸಾಕ್ಷಿ. ಶಾಖ ಅಳೆಯುವ ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಮಾಡಿದ ಈ ಕೆಲಸಕ್ಕೆ ತಲೆಬಾಗಲೇಬೇಕು.

ಬಣ್ಣಗಳೂ ಸುಮ್ನೆ ಸಿಕ್ಕಿದ್ದಲ್ಲ. ಎಷ್ಟೋ ಪಾತ್ರೆಗಳ ಗಾಢ ನೀಲಿಯಲ್ಲಿ ವಿಜ್ಞಾನಿಗಳು ಲಾಪಿಸ್ ಲಾಜುಲಿ ಕಲ್ಲಿನ ಪುಡಿಯನ್ನು ಗುರುತಿಸಿದ್ದಾರೆ. ಆ ಕಲ್ಲು ಬರುತ್ತಿದ್ದದ್ದು ಇಂದಿನ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ. ಬಿಳಿಗೆ ತವರದ ಆಕ್ಸೈಡ್, ಕೆಂಪಿಗೆ ಕಬ್ಬಿಣದ ಆಕ್ಸೈಡ್. ಪಾತ್ರೆಯ ಗಾಜಿಗೆ ಮರಳಿನ ಜೊತೆ ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳ ಬೂದಿ.

ಈ ಗಾಜು ತನ್ನ ಕಾಲದಲ್ಲೇ ದೂರದೂರಕ್ಕೆ ಹೋಗಿತ್ತು. ಯೆಮನ್ನಿನ ರಸೂಲಿ ಸುಲ್ತಾನರು ತಮ್ಮ ಐದೆಸಳಿನ ಹೂವಿನ ಲಾಂಛನ ಹಾಕಿಸಿ ಪಾತ್ರೆ ತರಿಸಿಕೊಂಡರು. ಇಂಗ್ಲೆಂಡಿನ ಕಂಬ್ರಿಯಾ ಪ್ರದೇಶದ ಮಸ್‌ಗ್ರೇವ್ ಮನೆತನ ಇಂಥ ಒಂದು ಲೋಟವನ್ನು ಶತಮಾನಗಳ ಕಾಲ ಕಾಪಾಡಿತು. ಅದು ಒಡೆದರೆ ಮನೆಯ ಅದೃಷ್ಟವೇ ಒಡೆಯುತ್ತದೆ ಎಂದು ಅವರು ನಂಬಿದ್ದರು. ಈಗ ಆ ಲೋಟ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಒಂದು ಬಿರುಕೂ ಇಲ್ಲದೆ. ಲೋಟ, ಬಾಟಲಿಗಳು ವ್ಯಾಪಾರದ ಸರಕಾಗಿ ಹೋದವು. ಅವುಗಳ ಬಗ್ಗೆ ಯಾರ ತಕರಾರೂ ಇಲ್ಲ. ಮಸೀದಿ ದೀಪಗಳ ಕಥೆ ಬೇರೆ.

15ನೇ ಶತಮಾನದ ಹೊತ್ತಿಗೆ ಈ ಕಲೆ ಸೊರಗಿತು. 1400-01ರಲ್ಲಿ ತೈಮೂರ್ ಡಮಾಸ್ಕಸ್ ನಗರವನ್ನು ಸುಟ್ಟು, ಕುಶಲಿಗರನ್ನು ಸಮರ್‌ಖಂಡಕ್ಕೆ ಒಯ್ದದ್ದೇ ಕಾರಣ ಎಂದು ಹಿಂದೆಲ್ಲ ಹೇಳುತ್ತಿದ್ದರು. ಅದೊಂದೇ ಕಾರಣ ಆಗಿರಲಾರದು. ಪ್ಲೇಗಿನ ಹೊಡೆತ, ಈಜಿಪ್ಟಿನ ಹಣಕಾಸಿನ ಬಿಕ್ಕಟ್ಟು, ವೆನಿಸ್ ನಗರದ ಪೈಪೋಟಿ ಎಲ್ಲವೂ ಸೇರಿದವು. ಕೊನೆಗೆ ಎಲ್ಲಿಗೆ ಬಂತೆಂದರೆ, 1569ರಲ್ಲಿ ಆಟೊಮನ್ ವಜೀರ ಸೊಕೊಲ್ಲು ಮೆಹ್ಮದ್ ಪಾಷಾ 900 ಮಸೀದಿ ದೀಪಗಳನ್ನು ವೆನಿಸ್ಸಿನಿಂದ ತರಿಸಲು ಆರ್ಡರ್ ಕೊಟ್ಟ. ಕಲಿಸಿದ ನಾಡೇ ಕೊಳ್ಳುವ ನಾಡಾಯಿತು.

ಹೀಗೆ ಹೊಸದಾಗಿ ಹುಟ್ಟುವುದು ನಿಂತಿತು. ಒಡೆಯುವುದು ನಿಲ್ಲಲಿಲ್ಲ. ಉಳಿದ ದೀಪಗಳಲ್ಲಿ ಬಹುಪಾಲು ಮ್ಯೂಸಿಯಂಗಳಲ್ಲಿವೆ, ಅವು ಮಾರಾಟಕ್ಕೆ ಬರುವುದಿಲ್ಲ. ಖಾಸಗಿಯವರ ಕೈಯಲ್ಲಿರುವ ಒಂದೆರಡು ಹೊರಬಂದಾಗ ಬೆಲೆ ಹಾರುತ್ತದೆ. ಮೊದಲ ಗೊಂದಲಕ್ಕೆ ಉತ್ತರ ಇಷ್ಟೇ.

ಮಸೀದಿಯಿಂದ ಹೊರಗೆ ಬಂದ ದಾರಿ

ದೀಪಗಳು ಕೈರೋ ಬಿಟ್ಟದ್ದು ಹೆಚ್ಚಾಗಿ 19ನೇ ಶತಮಾನದಲ್ಲಿ. ಅದರ ಬೇರು ಗಾಜಿನಲ್ಲಿ ಇಲ್ಲ, ಕಂದಾಯದಲ್ಲಿದೆ.

1810ರ ದಶಕದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ವಕ್ಫ್ ಕೃಷಿ ಭೂಮಿಯನ್ನು ಸರ್ಕಾರದ ಹಿಡಿತಕ್ಕೆ ತೆಗೆದುಕೊಂಡ. ಅವನಿಗೆ ಸೈನ್ಯಕ್ಕೆ, ಕಾಲುವೆಗಳಿಗೆ, ಕಾರ್ಖಾನೆಗಳಿಗೆ ಹಣ ಬೇಕಿತ್ತು. ಆದರೆ ಆ ಹೊಲಗಳ ಆದಾಯದಿಂದಲೇ ಮಸೀದಿಗಳ ಚಾವಣಿ ರಿಪೇರಿ ಆಗುತ್ತಿತ್ತು, ದೀಪಕ್ಕೆ ಎಣ್ಣೆ ಬರುತ್ತಿತ್ತು, ಕಾವಲುಗಾರನಿಗೆ ಸಂಬಳ ಸಿಗುತ್ತಿತ್ತು. ಆದಾಯ ಕುಗ್ಗಿತು. ಕಟ್ಟಡಗಳು ಹಾಳುಬಿದ್ದವು. ಹೊಟ್ಟೆಗಿಲ್ಲದ ಕಾವಲುಗಾರ, ಧೂಳು ಹಿಡಿದ ದೀಪ, ಬಾಗಿಲಲ್ಲಿ ಹಣ ಹಿಡಿದು ನಿಂತ ದಲ್ಲಾಳಿ. ಮುಂದೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಅದೇ ಹೊತ್ತಿಗೆ ಯೂರೋಪಿನಲ್ಲಿ ಬೇಡಿಕೆ ಏರಿತು. ರಾಯಭಾರಿಗಳು, ಬ್ಯಾಂಕರುಗಳು, ಕಲಾವಿದರು ಪೂರ್ವದ ವಸ್ತುಗಳನ್ನು ಕೂಡಿಡಲು ಶುರು ಮಾಡಿದರು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಫಿಲಿಪ್-ಜೋಸೆಫ್ ಬ್ರೊಕಾರ್ ಎಂಬ ಫ್ರೆಂಚ್ ಗಾಜುಗಾರ ಮಮ್ಲೂಕ್ ದೀಪಗಳ ಮಾದರಿಯಲ್ಲಿ ತಾನೇ ಮಾಡಿದ ಗಾಜನ್ನು ತೋರಿಸಿ ಹೆಸರು ಮಾಡಿದ. ನಕಲಿಗೆ ಇಷ್ಟು ಬೆಲೆ ಇದ್ದಾಗ ಅಸಲಿಗೆ ಎಷ್ಟಿರಬೇಡ.

ಈಜಿಪ್ಟ್ ಎಚ್ಚೆತ್ತುಕೊಂಡದ್ದು 1881ರಲ್ಲಿ. ಅರಬ್ ಕಲೆಯ ಸ್ಮಾರಕಗಳನ್ನು ಕಾಪಾಡಲು ವಕ್ಫ್ ಇಲಾಖೆಯಡಿ ಒಂದು ಸಮಿತಿ ರಚನೆಯಾಯಿತು. ಮಸೀದಿಗಳಲ್ಲಿ ಉಳಿದಿದ್ದ ದೀಪಗಳನ್ನು ಅದು ಒಂದೆಡೆ ತಂದಿಟ್ಟಿತು. ಅವೇ ಇಂದು ಕೈರೋದ ಇಸ್ಲಾಮಿಕ್ ಕಲಾ ಮ್ಯೂಸಿಯಂನಲ್ಲಿವೆ. ಬಾಬ್ ಅಲ್-ಖಲ್ಕ್ ಬಡಾವಣೆಯಲ್ಲಿರುವ ಈ ಕಟ್ಟಡ 1903ರಲ್ಲಿ ತೆರೆಯಿತು. ಜಗತ್ತಿನಲ್ಲಿ ಮಮ್ಲೂಕ್ ಮಸೀದಿ ದೀಪಗಳ ಅತಿ ದೊಡ್ಡ ಸಂಗ್ರಹ ಇಲ್ಲೇ ಇದೆ. ಸಮಿತಿಯ ಕೈಗೆ ಸಿಗುವ ಮೊದಲೇ ಹೋದವು ಲಂಡನ್, ಪ್ಯಾರಿಸ್, ಲಿಸ್ಬನ್, ನ್ಯೂಯಾರ್ಕ್ ಸೇರಿದವು.

ಮಾರಾಟ ಕಾನೂನಿಗೆ ಸರಿ ಆಗುವುದು ಹೇಗೆ

ಹಳೆಯ ವಸ್ತು ಮಾರುವಾಗ ಇಂದಿನ ಕಾನೂನು ಮುಖ್ಯವಾಗಿ ಒಂದು ವಿಷಯ ಕೇಳುತ್ತದೆ: ವಸ್ತು ತನ್ನ ದೇಶ ಬಿಟ್ಟದ್ದು ಯಾವಾಗ? ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ಅದು ಹಿಂದಿನ ಕಾಲಕ್ಕೆ ಅನ್ವಯ ಆಗುವುದಿಲ್ಲ. ಪ್ರಾಚೀನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದ ಈಜಿಪ್ಟಿನ ಕಾನೂನು 1983ರದ್ದು. ಮುಹಮ್ಮದ್ ಅಲಿ 1835ರಲ್ಲೇ ರಫ್ತು ನಿಷೇಧದ ಆಜ್ಞೆ ಹೊರಡಿಸಿದ್ದ ನಿಜ. ಆದರೆ ಅದರ ಗಮನ ಇದ್ದದ್ದು ಫೇರೋಗಳ ಕಾಲದ ವಸ್ತುಗಳ ಮೇಲೆ. ಮಸೀದಿಯ ದೀಪವನ್ನು ಆಗ ಯಾರೂ ಪ್ರಾಚೀನ ವಸ್ತು ಎಂದುಕೊಳ್ಳುತ್ತಿರಲಿಲ್ಲ, ದಿನಬಳಕೆಯ ಸಾಮಾನು ಅಷ್ಟೇ. ಅರಬ್ ಕಾಲದ ಸ್ಮಾರಕಗಳಿಗೆಂದೇ ಕಾನೂನು ಬಂದದ್ದು 1918ರಲ್ಲಿ. ಅಷ್ಟು ಹೊತ್ತಿಗೆ ದೀಪಗಳು ಹೊರಟುಹೋಗಿದ್ದವು.

ಇಂಗ್ಲೆಂಡಿನ ಕಾನೂನಿನಲ್ಲಿ ಇನ್ನೊಂದು ತಡೆ ಇದೆ. ಕದ್ದ ಮಾಲೇ ಆಗಿದ್ದರೂ, ಒಬ್ಬರು ಅದು ಗೊತ್ತಿಲ್ಲದೆ ಪ್ರಾಮಾಣಿಕವಾಗಿ ಕೊಂಡರೆ, ಅಲ್ಲಿಂದ 6 ವರ್ಷ ಕಳೆದ ಮೇಲೆ ಮೂಲ ಒಡೆಯನ ಹಕ್ಕು ಮುಗಿಯುತ್ತದೆ. 19ನೇ ಶತಮಾನದಿಂದ ಕೈಬದಲಾಗುತ್ತಾ ಬಂದ ವಸ್ತುವಿಗೆ ಈ ಗಡಿ ಯಾವತ್ತೋ ದಾಟಿರುತ್ತದೆ.

ಹರಾಜು ತಡೆಯುವುದು ಎಷ್ಟು ಕಷ್ಟ ಎನ್ನುವುದಕ್ಕೆ 2019ರ ಒಂದು ಉದಾಹರಣೆ ಇದೆ. ಪ್ರಾಚೀನ ಈಜಿಪ್ಟಿನ ಅರಸ ಟುಟಾಂಖಾಮುನ್ ಮುಖದ ಹೋಲಿಕೆಯ ಕಲ್ಲಿನ ಶಿರವೊಂದು ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಬಂತು. ಈಜಿಪ್ಟ್ ಸರ್ಕಾರ ನಿಲ್ಲಿಸಿ ಎಂದು ಕೇಳಿಕೊಂಡಿತು. ಹರಾಜು ನಿಲ್ಲಲಿಲ್ಲ. ಸುಮಾರು 47 ಲಕ್ಷ ಪೌಂಡಿಗೆ ಶಿರ ಮಾರಾಟವಾಯಿತು. ದೇಶದಿಂದ ಕದ್ದು ಸಾಗಿಸಿದ್ದು ಯಾವಾಗ ಎಂದು ತೋರಿಸುವ ಹೊರೆ ಕೇಳುವವನ ಮೇಲಿರುತ್ತದೆ. ಕದ್ದವನು ರಸೀದಿ ಬರೆದಿಡುವುದಿಲ್ಲವಲ್ಲ.

ಮಾರುವವರ, ಕೊಳ್ಳುವವರ ಕಡೆಯ ವಾದಕ್ಕೂ ತೂಕ ಇದೆ. ಸರ್ಗಿತ್ಮಿಶ್ ದೀಪ ಇದ್ದದ್ದು ಈಜಿಪ್ಟಿನ ಪ್ರಧಾನಿಯೇ ಆಗಿದ್ದವರ ಮನೆತನದಲ್ಲಿ, ಯಾವುದೋ ಕಳ್ಳನ ಬಳಿ ಅಲ್ಲ. ಅದು ಕಾನೂನು ಮೀರಿ ಹೊರಬಂತು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಆ ಕಾಲದಲ್ಲಿ ಹಾಳುಬಿದ್ದ ಮಸೀದಿಗಳಲ್ಲೇ ಉಳಿದಿದ್ದರೆ ಎಷ್ಟೋ ದೀಪಗಳು ಬಿದ್ದು ಪುಡಿಯಾಗುತ್ತಿದ್ದವು ಎನ್ನುವುದೂ ಸುಳ್ಳಲ್ಲ. ಕೊಂಡವರು ಜೋಪಾನ ಮಾಡಿದರು, ಪ್ರದರ್ಶಿಸಿದರು, ಅಧ್ಯಯನಕ್ಕೆ ಕೊಟ್ಟರು. ಇದನ್ನೆಲ್ಲ ಅಲ್ಲಗಳೆದರೆ ಚರ್ಚೆ ಪ್ರಾಮಾಣಿಕ ಆಗುವುದಿಲ್ಲ.

ಕೇಳದೆ ಬಿಟ್ಟ ಪ್ರಶ್ನೆ

ಆದರೂ ಈ ವಾದದಲ್ಲಿ ಒಂದು ಪ್ರಶ್ನೆ ಪಕ್ಕಕ್ಕೆ ಸರಿದುಬಿಡುತ್ತದೆ. ಯಾವಾಗ ಹೋಯಿತು ಎಂದು ಕೇಳುತ್ತೇವೆ. ಮಾರಿದವನಿಗೆ ಮಾರುವ ಹಕ್ಕು ಇತ್ತೇ ಎಂದು ಕೇಳುವುದಿಲ್ಲ.

ಭಾರತದಲ್ಲಿ ಈಗ ವಕ್ಫ್ ಎಂದ ಕೂಡಲೇ ಜಮೀನಿನ ಜಗಳ ನೆನಪಾಗುತ್ತದೆ. ಅದನ್ನು ಒಂದು ಕ್ಷಣ ಬದಿಗಿಡೋಣ. ಊರ ದೇವಸ್ಥಾನಕ್ಕೆ ಯಾರೋ ನಂದಾದೀಪ ಮಾಡಿಸಿ, ಎಣ್ಣೆಗೆ ದತ್ತಿ ಬಿಟ್ಟು, ದೀಪದ ಮೇಲೆ ಹೆಸರು ಕೆತ್ತಿಸಿದ್ದಾರೆ ಎಂದುಕೊಳ್ಳಿ. ಆಮೇಲೆ ಆ ದೀಪ ಕೊಟ್ಟವರದ್ದೂ ಅಲ್ಲ, ಅವರ ಮೊಮ್ಮಕ್ಕಳದ್ದೂ ಅಲ್ಲ, ಅರ್ಚಕರದ್ದೂ ಅಲ್ಲ. ಅರ್ಚಕರು ಕಷ್ಟಕಾಲದಲ್ಲಿ ಅದನ್ನು ಮಾರಿದರೆ ಕೊಂಡವರಿಗೆ ದೀಪ ಸಿಗಬಹುದು, ಒಡೆತನ ಸಿಗುವುದಿಲ್ಲ. ವಕ್ಫ್ ನಿಯಮವೂ ಇದನ್ನೇ ಹೇಳುತ್ತದೆ. ಈ ನಿಯಮ 1970ರಲ್ಲಿ ಬಂದದ್ದಲ್ಲ. ದೀಪ ಮಾಡಿಸಿದ ದಿನವೇ ಅದು ಜಾರಿಯಲ್ಲಿತ್ತು. ಕಾವಲುಗಾರನಿಗೂ ಗೊತ್ತಿತ್ತು, ದಲ್ಲಾಳಿಗೂ ಗೊತ್ತಿರಬೇಕು. ಕೊಂಡವರಲ್ಲಿ ಅರಬ್ಬಿ ಓದಬಲ್ಲ ಪಂಡಿತರೂ ಇದ್ದರು. ದೀಪದ ಮೇಲಿನ ಅಕ್ಷರಗಳನ್ನು ಅವರು ಓದಲಿಲ್ಲ ಎಂದು ನಂಬುವುದು ಕಷ್ಟ.

ಇದು ಬರೀ ಭಾವನೆಯ ಮಾತು, ಇಂಗ್ಲೆಂಡಿನ ನ್ಯಾಯಾಲಯ ಇದನ್ನೆಲ್ಲ ಒಪ್ಪುತ್ತದೆಯೇ ಎಂದು ಕೇಳಬಹುದು. ಇಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಒಂದು ಮೊಕದ್ದಮೆ ಕಣ್ಣು ತೆರೆಸುತ್ತದೆ. ಪತ್ತೂರು ಎಂಬ ಹಳ್ಳಿಯ ಪಾಳುಬಿದ್ದ ಶಿವಾಲಯದ ಹತ್ತಿರ 1976ರಲ್ಲಿ ಕಂಚಿನ ನಟರಾಜ ವಿಗ್ರಹ ಮಣ್ಣಿನಡಿ ಸಿಕ್ಕಿತು. ದಲ್ಲಾಳಿಗಳ ಕೈ ದಾಟಿ ಲಂಡನ್ ಸೇರಿತು. ಕೆನಡಾದ ಒಂದು ಕಂಪನಿ 1982ರಲ್ಲಿ ಅದನ್ನು ಕೊಂಡಿತು. ಮೊಕದ್ದಮೆ ನಡೆದು, 1991ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಭಾರತದ ಕಾನೂನಿನಲ್ಲಿ ದೇವಾಲಯ ಆಸ್ತಿ ಹೊಂದಬಲ್ಲ ವ್ಯಕ್ತಿ ಎನಿಸಿಕೊಂಡಿರುವಾಗ, ಇಂಗ್ಲೆಂಡಿನಲ್ಲಿಯೂ ಅದು ದಾವೆ ಹೂಡಬಹುದು ಎಂದಿತು. ಪೂಜೆ ನಿಂತುಹೋಗಿದ್ದ ಆ ಪಾಳು ಗುಡಿ ಗೆದ್ದಿತು. ನಟರಾಜ ಮರಳಿ ಬಂದ.

ಧರ್ಮಕ್ಕೆ ಬಿಟ್ಟ ಆಸ್ತಿಗೆ ಮನುಷ್ಯರಲ್ಲದ ಒಡೆಯ ಇರಬಹುದು, ಆ ಒಡೆಯನ ಪರವಾಗಿ ಪರದೇಶದಲ್ಲೂ ಕೇಳಬಹುದು ಎಂದು ಲಂಡನ್ನಿನಲ್ಲೇ ಒಪ್ಪಿದ್ದಾರೆ ಎಂದಾಯಿತು. ಪ್ರಾಚೀನ ವಸ್ತು ಮಾರುವ ಬರಕತ್ ಗ್ಯಾಲರಿ ವಿರುದ್ಧ ಇರಾನ್ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿಯೂ, ಒಂದು ದೇಶ ತನ್ನ ಕಾನೂನಿನಡಿ ತನ್ನದೇ ಆದ ಪ್ರಾಚೀನ ವಸ್ತುಗಳಿಗಾಗಿ ಇಂಗ್ಲೆಂಡಿನಲ್ಲಿ ದಾವೆ ಹೂಡಬಹುದು ಎಂದು ಅದೇ ನ್ಯಾಯಾಲಯ 2007ರಲ್ಲಿ ಹೇಳಿತು. ಹಾಗಾಗಿ ವಕ್ಫ್ ವಾದ ಗಾಳಿಯಲ್ಲಿ ನಿಂತಿಲ್ಲ.

ಆದರೆ ನಟರಾಜ ಸಿಕ್ಕಿದ್ದು 1976ರಲ್ಲಿ, ದಾವೆ ನಡೆದದ್ದು ಹತ್ತು ಹದಿನೈದು ವರ್ಷದೊಳಗೆ. ಅಗೆದದ್ದು, ಸಾಗಿಸಿದ್ದು ತೋರಿಸಲು ಸಾಕ್ಷಿ ಸಿಕ್ಕಿತು. ಮಸೀದಿ ದೀಪಗಳ ವಿಷಯದಲ್ಲಿ ಸಾಕ್ಷಿ ಹೇಳುವವರು ಯಾರೂ ಬದುಕಿಲ್ಲ. ಕಾಲದ ಮಿತಿಯ ಗೋಡೆ ಬೇರೆ. ಆದ್ದರಿಂದ ನ್ಯಾಯಾಲಯದ ಮೂಲಕ ಇವು ವಾಪಸ್ ಬರುವ ಸಾಧ್ಯತೆ ತುಂಬಾ ಕಮ್ಮಿ. ದಾರಿ ಇರುವುದು ಮಾತುಕತೆಯಲ್ಲಿ. ಅಲ್ಲಿಯೂ ದೊಡ್ಡ ಮ್ಯೂಸಿಯಂಗಳ ಕೈ ಕಟ್ಟಿದೆ. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹದಿಂದ ವಸ್ತು ಬಿಟ್ಟುಕೊಡುವುದನ್ನು 1963ರ ಕಾಯ್ದೆ ಬಹುಮಟ್ಟಿಗೆ ತಡೆಯುತ್ತದೆ. ಖಾಸಗಿ ಮಾಲೀಕರಿಗೆ ಈ ತಡೆ ಇಲ್ಲ. ಹಾಗಾಗಿಯೇ ಖಾಸಗಿ ದೀಪವೊಂದು ಹರಾಜಿಗೆ ಬಂದಾಗ ಮಾತಾಡುವುದಕ್ಕೆ ಒಂದು ಸಣ್ಣ ಅವಕಾಶ ತೆರೆಯುತ್ತದೆ. ಸುತ್ತಿಗೆ ಬಿದ್ದ ಮೇಲೆ ಅದು ಮುಚ್ಚಿಹೋಗುತ್ತದೆ.

ಅಲ್ಲಿ ಸುರಕ್ಷಿತ ಅಲ್ಲ ಎನ್ನುವ ಮಾತು

ವಾಪಸ್ ಕೊಡುವ ಮಾತು ಬಂದಾಗಲೆಲ್ಲ ಒಂದು ಉತ್ತರ ತಪ್ಪದೆ ಬರುತ್ತದೆ: ಕೊಟ್ಟರೆ ಅಲ್ಲಿ ಉಳಿಯುತ್ತವೆಯೇ? ಇದಕ್ಕೆ ಎರಡು ನೋವಿನ ಘಟನೆಗಳನ್ನು ತೋರಿಸುತ್ತಾರೆ.

2014ರ ಜನವರಿ 24ರಂದು ಕೈರೋದಲ್ಲಿ ಪೊಲೀಸ್ ಕೇಂದ್ರ ಕಚೇರಿಯ ಮೇಲೆ ಕಾರ್ ಬಾಂಬ್ ದಾಳಿ ನಡೆಯಿತು. ರಸ್ತೆಯ ಎದುರಿಗೇ ಇದ್ದದ್ದು ಇಸ್ಲಾಮಿಕ್ ಕಲಾ ಮ್ಯೂಸಿಯಂ. ಚಾವಣಿ ಕಳಚಿತು, ಪೆಟ್ಟಿಗೆಗಳು ಸಿಡಿದವು, 170ಕ್ಕೂ ಹೆಚ್ಚು ವಸ್ತುಗಳು ಜಖಂ ಆದವು. ಅಪರೂಪದ ಗಾಜಿನ ದೀಪಗಳಿಗೂ ಪೆಟ್ಟಾಯಿತು. 2020ರ ಆಗಸ್ಟ್ 4ರಂದು ಬೇರೂತ್ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ಸ್ಫೋಟಿಸಿದಾಗ, ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಒಂದು ಕಪಾಟು ಉರುಳಿತು. ರೋಮನ್, ಬೈಜಾಂಟಿಯನ್, ಇಸ್ಲಾಮಿಕ್ ಕಾಲದ 74 ಗಾಜಿನ ಪಾತ್ರೆಗಳಲ್ಲಿ 72 ಒಡೆದವು.

ಗಾಜು ಪ್ರೀತಿಸುವವರಿಗೆ ಇದನ್ನು ಓದುವುದೇ ಸಂಕಟ. ಆದರೆ ಕಥೆಯ ಉಳಿದರ್ಧವನ್ನೂ ಓದಬೇಕು. ಕೈರೋ ಮ್ಯೂಸಿಯಂ ಜಖಂ ಆದ ಬಹುಪಾಲು ವಸ್ತುಗಳನ್ನು ಜೋಡಿಸಿ 2017ರ ಜನವರಿಯಲ್ಲಿ ಮತ್ತೆ ತೆರೆಯಿತು. ಬೇರೂತಿನಲ್ಲಿ ಕಿಟಕಿಯ ಗಾಜಿನ ಚೂರುಗಳ ನಡುವಿಂದ ಪಾತ್ರೆಗಳ ಚೂರುಗಳನ್ನು ಒಂದೊಂದಾಗಿ ಹೆಕ್ಕಿದರು. ಅವುಗಳಲ್ಲಿ 8 ಪಾತ್ರೆಗಳನ್ನು ಬ್ರಿಟಿಷ್ ಮ್ಯೂಸಿಯಂ ಲಂಡನ್ನಿನಲ್ಲಿ ಜೋಡಿಸಿ, 2022ರಲ್ಲಿ ಪ್ರದರ್ಶಿಸಿ, ಬೇರೂತಿಗೆ ಮರಳಿಸುವ ಕೆಲಸ ಕೈಗೊಂಡಿತು. ಎರಡನೇ ಮಹಾಯುದ್ಧದಲ್ಲಿ ಬರ್ಲಿನ್‌ನ ಮ್ಯೂಸಿಯಂಗಳೂ ಬಾಂಬಿಗೆ ಸಿಕ್ಕವು. ಅದರಿಂದ ಜರ್ಮನಿಗೆ ತನ್ನ ವಸ್ತುಗಳ ಮೇಲಿನ ಹಕ್ಕು ಹೋಯಿತು ಎಂದು ಯಾರೂ ಹೇಳುವುದಿಲ್ಲ. ಸುರಕ್ಷತೆ ನಿಜವಾದ ಕಾಳಜಿ. ಅದಕ್ಕೆ ಉತ್ತರ ಹಣ, ತರಬೇತಿ, ಒಳ್ಳೆಯ ಪೆಟ್ಟಿಗೆಗಳು. ಒಡೆತನದ ಪ್ರಶ್ನೆಗೆ ಅದು ಉತ್ತರ ಆಗುವುದಿಲ್ಲ.

ಬೆಲೆ ಏರಿದ ಮೇಲೆ

ಒಂದು ದೀಪ ಅಂದಾಜಿನ ಐದು ಪಟ್ಟಿಗೆ ಹೋದರೆ ಅದರ ಪರಿಣಾಮ ಆ ಒಂದು ದೀಪಕ್ಕೆ ನಿಲ್ಲುವುದಿಲ್ಲ.

ಮೊದಲ ಅಪಾಯ ಇನ್ನೂ ಮಸೀದಿಗಳಲ್ಲೇ ಇರುವ ವಸ್ತುಗಳಿಗೆ. 2017ರ ಜನವರಿ ಶುರುವಿನಲ್ಲಿ ಕೈರೋದ ರಿಫಾಯಿ ಮಸೀದಿಯಿಂದ ಆರು ಗಾಜಿನ ದೀಪಗಳು ಕಳುವಾದವು ಎಂಬ ಸುದ್ದಿ ಈಜಿಪ್ಟನ್ನು ಕಂಗೆಡಿಸಿತು. ಅವು ಮಮ್ಲೂಕ್ ಕಾಲದವೂ ಅಲ್ಲ, 20ನೇ ಶತಮಾನದ ಮೊದಲಿಗೆ ಹಳೆಯ ಮಾದರಿಯಲ್ಲಿ ಮಾಡಿಸಿದವು. ಅಂಥವುಗಳಿಗೇ ಕಳ್ಳರು ಬಂದರೆ, 50 ಕೋಟಿಯ ಸುದ್ದಿ ಕೇಳಿದ ಮೇಲೆ ಉಳಿದವುಗಳ ಗತಿ ಏನು? ಕಳುವಿನ ಭಯಕ್ಕೆ ಅಧಿಕಾರಿಗಳು ವಸ್ತುಗಳನ್ನು ಮಸೀದಿಯಿಂದ ಎತ್ತಿ ಗೋದಾಮಿಗೆ ಸಾಗಿಸುತ್ತಾರೆ. ಆಗ ಅವು ಉಳಿಯುತ್ತವೆ ನಿಜ, ಆದರೆ ಯಾವ ಜಾಗಕ್ಕೆಂದು ಹುಟ್ಟಿದವೋ ಆ ಜಾಗ ಬರಿದಾಗುತ್ತದೆ.

ಎರಡನೆಯದು ನಕಲಿ. ಬ್ರೊಕಾರ್ ಮಾತ್ರ ಅಲ್ಲ, ವಿಯೆನ್ನಾದ ಲೋಬ್‌ಮೈರ್, ವೆನಿಸ್ಸಿನ ಸಾಲ್ವಿಯಾಟಿ ಕಾರ್ಖಾನೆಗಳೂ 19ನೇ ಶತಮಾನದಲ್ಲಿ ಈ ಶೈಲಿಯ ಗಾಜು ಮಾಡಿದವು. ಅವರು ಮೋಸಕ್ಕೆಂದು ಮಾಡಲಿಲ್ಲ. ಆದರೆ ಸಹಿ ಇಲ್ಲದ ಒಂದು ದೀಪ ನೂರೈವತ್ತು ವರ್ಷ ಕೈಬದಲಾದರೆ ಅದರ ಹುಟ್ಟು ಮರೆತುಹೋಗುತ್ತದೆ. ಹೀಗಾಗಿ ಪ್ರಯೋಗಾಲಯದ ಪರೀಕ್ಷೆಗೆ ಈಗ ಬಹಳ ಬೆಲೆ ಬಂದಿದೆ. ನೀಲಿಯಲ್ಲಿ ಲಾಪಿಸ್ ಕಂಡರೆ ಹಳೆಯದು ಇರಬಹುದು ಎನ್ನುವ ಸುಳಿವು, ಆರ್ಸೆನಿಕ್ ಬೆರೆತ ಎನಾಮೆಲ್ ಕಂಡರೆ ಆಮೇಲಿನದು ಇರಬಹುದು ಎನ್ನುವ ಸುಳಿವು. ಒಂದೇ ಪರೀಕ್ಷೆ ಸಾಲದು, ಗಾಜಿನ ಬೂದಿಯ ಅಂಶ, ಬರಹದ ಶೈಲಿ, ಬಿರುದುಗಳ ಕ್ರಮ ಎಲ್ಲವೂ ಹೊಂದಬೇಕು.

ಮೂರನೆಯದು ಬಹುಶಃ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಇಂದು ಇಸ್ಲಾಮಿಕ್ ಕಲೆಯನ್ನು ದೊಡ್ಡ ಮಟ್ಟದಲ್ಲಿ ಕೊಳ್ಳುವ ಶಕ್ತಿ ಕೊಲ್ಲಿ ದೇಶಗಳಿಗಿದೆ. ದೋಹಾದ ಇಸ್ಲಾಮಿಕ್ ಕಲಾ ಮ್ಯೂಸಿಯಂ 2008ರಲ್ಲಿ ತೆರೆಯಿತು. ಕುವೈತಿನ ಅಲ್-ಸಬಾಹ್ ಸಂಗ್ರಹ ಅದಕ್ಕಿಂತ ಹಳೆಯದು. ಮಧ್ಯಯುಗದ ಗಾಜಿನ ಅತ್ಯುತ್ತಮ ಪಾತ್ರೆಗಳಲ್ಲಿ ಕೆಲವು ಈಗ ಅಲ್ಲಿವೆ. ವಸ್ತುಗಳು ಯೂರೋಪಿನಿಂದ ಪೂರ್ವಕ್ಕೆ ಬರುತ್ತಿವೆ ಎಂದು ಕೆಲವರು ಸಂತೋಷಪಡುತ್ತಾರೆ. ಜನ ಹತ್ತಿರದಿಂದ ನೋಡುವಂತಾದದ್ದು ಒಳ್ಳೆಯದೇ. ಆದರೆ ದೋಹಾ ಕೈರೋ ಅಲ್ಲ. ಹಣ ಇದ್ದವರ ಕೈಗೆ ಹೋಗುವುದಕ್ಕೂ ಮೂಲ ಜಾಗಕ್ಕೆ ಮರಳುವುದಕ್ಕೂ ವ್ಯತ್ಯಾಸ ಇದೆ. ಬೆಲೆ ಏರಿದಷ್ಟೂ ಈಜಿಪ್ಟಿನ ಮ್ಯೂಸಿಯಂಗಳು ಹರಾಜಿನ ಕೋಣೆಯಿಂದ ದೂರವೇ ಉಳಿಯುತ್ತವೆ.

ಹಾಗಾದರೆ ಮಾಡಬಹುದಾದದ್ದು ಏನು? ಹೆಸರು, ಲಾಂಛನ, ಕಟ್ಟಡ ಗುರುತಿಸಬಲ್ಲ ದೀಪಗಳನ್ನು ಬೇರೆ ಗುಂಪಾಗಿ ನೋಡಬೇಕು. ಅಂಥದ್ದು ಹರಾಜಿಗೆ ಬಂದರೆ, ಕ್ಯಾಟಲಾಗ್ ಅಚ್ಚಾಗುವ ಮೊದಲೇ ಈಜಿಪ್ಟಿನ ವಕ್ಫ್ ಇಲಾಖೆಗೆ ಮತ್ತು ಇಸ್ಲಾಮಿಕ್ ಕಲಾ ಮ್ಯೂಸಿಯಂಗೆ ತಿಳಿಸಿ, ಮಾತುಕತೆಗೆ ಒಂದು ಕಾಲಾವಕಾಶ ಕೊಡಬಹುದು. ಇದಕ್ಕೆ ಹೊಸ ಅಂತರರಾಷ್ಟ್ರೀಯ ಒಪ್ಪಂದ ಬೇಕಿಲ್ಲ, ಹರಾಜು ಸಂಸ್ಥೆಗಳು ಮನಸ್ಸು ಮಾಡಿದರೆ ಸಾಕು. ಕ್ಯಾಟಲಾಗಿನಲ್ಲಿ ಮಾಲೀಕರ ಪಟ್ಟಿ 19ನೇ ಶತಮಾನದ ಸಂಗ್ರಾಹಕನಿಂದ ಶುರುವಾಗುವುದು ಈಗಿನ ರೂಢಿ. ಅದು 14ನೇ ಶತಮಾನದ ಮದ್ರಸಾದಿಂದ ಶುರುವಾಗಬೇಕು. ನಡುವಿನ ಐನೂರು ವರ್ಷ ಅದು ಎಲ್ಲಿತ್ತು, ಯಾವಾಗ ಕಣ್ಮರೆಯಾಯಿತು ಎನ್ನುವ ಜಾಗವನ್ನು ಖಾಲಿ ಬಿಟ್ಟು, ಖಾಲಿ ಇದೆ ಎಂದೇ ಅಚ್ಚು ಹಾಕಬೇಕು. ಕೊಳ್ಳುವವನು ಅದನ್ನು ಓದಿಯೇ ಕೈ ಎತ್ತಲಿ.